ಪ್ರೋಗ್ರಾಮಿಗೆ ಮರ್ಯಾದೆ ಕಲಿಸಿದ ಅಕ್ಕ

ಅಕ್ಕನಿಗೆ ಸಂತೋಷವಾದರೆ ಅದು ಮೊದಲು ಗೊತ್ತಾಗುತ್ತಿದ್ದುದು ಕೆಳಗಿನ ವರ್ಕ್‌ಶಾಪಿನವರಿಗೆ. ಕೊಯಮತ್ತೂರಿನ ಹತ್ತಿರ ತುಡಿಯಲೂರಿನಲ್ಲಿ ನಾನೂ ಅಕ್ಕನೂ ಕೆಲಸ ಮಾಡುತ್ತಿದ್ದ ಆಫೀಸು ಇದ್ದದ್ದು ಪಂಪ್‌ಸೆಟ್ಟಿನ ಬಿಡಿಭಾಗ ಮಾಡುವ ಒಂದು ವರ್ಕ್‌ಶಾಪಿನ ಮಹಡಿಯ ಮೇಲೆ. ಕೆಳಗೆ ಲೇತು ಕಿರುಗುಡುತ್ತಿತ್ತು, ಮೇಲೆ ನಾವು ಕೀಬೋರ್ಡು ಕುಟ್ಟುತ್ತಿದ್ದೆವು. ಬರೆದ ಪ್ರೋಗ್ರಾಮು ಮೊದಲ ಸಲ ಸರಿಯಾಗಿ ಓಡಿತೆಂದರೆ ಅಕ್ಕ ಎರಡೂ ಅಂಗೈಗಳನ್ನು ಮೇಜಿಗೆ ಬಡಿದು "ಬಂತು ಪಾರು! ಬಂತು ಪಾರು!" ಎಂದು, ಬಂತು ನೋಡು ಎನ್ನುವುದನ್ನು ಅರ್ಧ ತಮಿಳು ಮಾಡಿ, ಕೂಗುತ್ತಿದ್ದರು. ಆ ಸದ್ದಿಗೆ ಕೆಳಗಿನವರು ಲೇತು ನಿಲ್ಲಿಸಿ, ಮೆಟ್ಟಿಲ ಹತ್ತಿರ ಬಂದು ಏನಾಯಿತು ಎಂದು ತಮಿಳಿನಲ್ಲಿ ವಿಚಾರಿಸಿದ್ದೂ ಉಂಟು. ಅಕ್ಕ ಅವರಿಗೂ ಮೆಟ್ಟಿಲ ಮೇಲಿನಿಂದಲೇ ಎಲ್ಲವನ್ನೂ ವಿವರಿಸುತ್ತಿದ್ದರು. ಅವರಿಗೆ ಎಷ್ಟು ಅರ್ಥವಾಗುತ್ತಿತ್ತೋ, ತಲೆಯಾಡಿಸಿ, ನಕ್ಕು, ಮತ್ತೆ ಲೇತು ಹಾಕುತ್ತಿದ್ದರು.

ಅಂಥ ಅಕ್ಕ ಹೋದ ತಿಂಗಳು ನಿವೃತ್ತರಾದರಂತೆ. ಆ ಆಫೀಸಿನ ಹಳೆಯ ಗೆಳೆಯನೊಬ್ಬ ಫೋನು ಮಾಡಿ ಹೇಳಿದ. ಅವರು ಸುಮ್ಮನೆ ಮನೆಯಲ್ಲಿ ಕುಳಿತಿರುವುದನ್ನು ಕಲ್ಪಿಸಿಕೊಳ್ಳಲು ನೋಡಿದೆ, ಆಗಲೇ ಇಲ್ಲ. ಕೂಡಲೇ ಅವರಿಗೇ ಫೋನು ಹಚ್ಚಿ, "ಅಕ್ಕಾ, ನಿಮ್ಮ ಬಗ್ಗೆ ಬರೀತೀನಿ" ಅಂದೆ.

"ಬರಿ, ಕಣ್ಣು. ಆದ್ರೆ ಹೆಸರು ಹಾಕಿದ್ಯೋ, ಬಸ್ಸು ಹತ್ತಿ ಬಂದು ಒದೀತೀನಿ" ಅಂದರು. ಆಮೇಲೆ ಏನೋ ಹೊಳೆದವರಂತೆ, "ಬರ್ದಾದ್ಮೇಲೆ ಫೋನಲ್ಲಿ ಓದಿ ಹೇಳು. ನನಗೆಲ್ಲಿ ಕನ್ನಡ ಓದಾಕೆ ಬರ್ತದೆ?" ಅಂದರು.

ಅದು ನಿಜ. ಅಕ್ಕ ಮಡತ್ತುಕುಳಂ ಹತ್ತಿರದ ಒಂದು ಹಳ್ಳಿಯವರು. ಯಾವ ಕಾಲದಲ್ಲೋ ಅಲ್ಲಿಗೆ ಹೋಗಿ ನೆಲೆಸಿದ ಬೇಸಾಯದ ಮನೆತನ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅವರ ಕನ್ನಡ ಕೇಳಿದರೆ ನಮ್ಮ ಕಡೆಯವರು ತಮಿಳೆನ್ನುತ್ತಾರೆ. ಅವರ ಊರಿನ ತಮಿಳರು ಅದನ್ನು ಕನ್ನಡವೆಂದೇ ಕರೆಯುತ್ತಾರೆ. ನಾನು ಚಳ್ಳಕೆರೆಯವನು. ಓದು ಮುಗಿಸಿ ಕೊಯಮತ್ತೂರಿನಲ್ಲಿ ಕೆಲಸ ಸಿಕ್ಕಿತೆಂದು ಹೋಗಿ, ತಮಿಳು ಬಾರದೆ ಮೂಗನ ಹಾಗೆ ಕುಳಿತಿದ್ದೆ. ಒಂದು ಮಧ್ಯಾಹ್ನ ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಗ ಹಿಂದಿನ ಕುರ್ಚಿ ಗಿರ್ರನೆ ತಿರುಗಿತು. "ಅಡಡಾ, ನೀನು ನಮ್ಮವನಾ! ಮೊದಲೇ ಹೇಳಾಕಾಗಲ್ವಾ?" ಎಂದು ಅಕ್ಕ ತಮ್ಮ ಊಟದ ಡಬ್ಬಿಯ ಅರ್ಧವನ್ನು ನನ್ನ ಮುಚ್ಚಳಕ್ಕೆ ಸುರಿದರು. ಅಂದಿನಿಂದ ನಾನು 'ಕಣ್ಣು'. ಆ ಸೀಮೆಯಲ್ಲಿ ಕಿರಿಯರನ್ನು ಅಕ್ಕರೆಯಿಂದ ಕರೆಯುವುದೇ ಹಾಗೆ. ದೊಡ್ಡವರ ಜೊತೆ ಮಾತಾಡುವಾಗ ಪ್ರತಿ ಮಾತಿನ ಕೊನೆಗೂ ಒಂದು 'ಂಗ' ಅಂಟಿಸುತ್ತಾರೆ, ಅದು ಗೌರವ. ಸರಿ ಎನ್ನುವ ಎರಡಕ್ಷರವೂ 'ಸರೀಂಗ' ಆಗಿಯೇ ಹೊರಬೀಳಬೇಕು. ಅಕ್ಕ ತಮ್ಮ ಕನ್ನಡಕ್ಕೂ ಅದನ್ನು ಅಂಟಿಸಿದ್ದರು. ಯಾರಾದರೂ ಅದನ್ನು ಬಿಟ್ಟು ಮಾತಾಡಿದರೆ ಅವರ ಮುಖ ಗಂಟಿಕ್ಕುತ್ತಿತ್ತು.

ನಲವತ್ತು ದಾಟಿದ, ದುಂಡು ಮುಖದ, ಒಂದು ಕಡೆ ನಿಲ್ಲದ ಹೆಂಗಸು. ಕೆಲಸ ಶುರು ಮಾಡುವ ಮೊದಲು ಬಳೆಗಳನ್ನು ಮೊಣಕೈವರೆಗೂ ಏರಿಸಿಕೊಳ್ಳುತ್ತಿದ್ದರು, ಜಗಳಕ್ಕೆ ನಿಲ್ಲುವವರ ಹಾಗೆ. ಕಂಪ್ಯೂಟರಿನ ಜೊತೆ ಮಾತಾಡುವುದಂತೂ ಇದ್ದದ್ದೇ. "ಯಾಕೆ ಮಗನೇ, ನಿನ್ನೆ ಚೆನ್ನಾಗೇ ಇದ್ಯಲ್ಲ?" ಎಂದು ಕೇಳುತ್ತಿದ್ದರು. ಉತ್ತರ ಬಾರದಿದ್ದರೆ ಅದರ ನೆತ್ತಿಗೆ ಒಂದು ಏಟು. ನಮ್ಮ ಕಂಪೆನಿಯ ಮಾಲೀಕರು, ಪಾಪ ಮೆತ್ತಗಿನ ಮನುಷ್ಯ, ಆ ಏಟು ಬಿದ್ದಾಗಲೆಲ್ಲ ತಮ್ಮ ಕೋಣೆಯಲ್ಲಿ ಕುಳಿತಲ್ಲೇ ಬೆಚ್ಚುತ್ತಿದ್ದರು.

ಅಕ್ಕನಿಗೆ ಒಂದು ಪದ್ಧತಿ ಇತ್ತು. ಯಾರಿಗಾಗಿ ಪ್ರೋಗ್ರಾಮು ಬರೆಯಬೇಕೋ ಅವರಲ್ಲಿಗೆ ಹೋಗಿ, ಒಂದಿಡೀ ದಿನ ಮೂಲೆಯಲ್ಲಿ ಕುಳಿತು ನೋಡಿ ಬರುವುದು. ಗಾರ್ಮೆಂಟ್ಸಿನ ಗೋಡೌನಿನಲ್ಲಿ ಬನಿಯನ್ ಮೂಟೆಯ ಮೇಲೆ ಕುಳಿತಿದ್ದಾರೆ, ಆಸ್ಪತ್ರೆಯ ಚೀಟಿ ಕೊಡುವ ಕಿಂಡಿಯ ಒಳಗಡೆ ನಿಂತಿದ್ದಾರೆ. "ಜನ ಹೆಂಗೆ ಕೆಲಸ ಮಾಡ್ತಾರೆ ಅಂತ ಅವರನ್ನ ಕೇಳಬಾರದು ಕಣ್ಣು, ನೋಡಬೇಕು. ಕೇಳಿದ್ರೆ ಹೆಂಗೆ ಮಾಡ್ಬೇಕೋ ಅದನ್ನ ಹೇಳ್ತಾರೆ" ಎನ್ನುತ್ತಿದ್ದರು. ಈ ಪದ್ಧತಿಯನ್ನು ಅವರು ಮುರಿದದ್ದು ಒಂದೇ ಸಲ, ಅದೂ ಸ್ವಂತ ಮನೆಯ ವಿಷಯದಲ್ಲಿ.

ಎರಡು ಸಾವಿರದ ಏಳೋ ಎಂಟೋ ಇರಬೇಕು, ಬ್ರಾಡ್‌ಬ್ಯಾಂಡು ಆಗಷ್ಟೇ ಹಳ್ಳಿಗಳ ಕಡೆ ಹೊರಟಿತ್ತು. ಅಕ್ಕನ ಅಣ್ಣ ಊರಿನಲ್ಲಿ ಒಂದು ಚಾಕಿ ಕೇಂದ್ರ ನಡೆಸುತ್ತಿದ್ದರು. ಮೊಟ್ಟೆಯಿಂದ ಹೊರಬಂದ ರೇಷ್ಮೆಹುಳುಗಳನ್ನು ಎರಡನೇ ಜ್ವರ ಏಳುವವರೆಗೆ ಜೋಪಾನವಾಗಿ ಸಾಕಿ, ಆಮೇಲೆ ರೈತರ ಮನೆಗೆ ತಲುಪಿಸುವ ಕೆಲಸ. ಜ್ವರವೆಂದರೆ ಹುಳು ತಿನ್ನುವುದನ್ನು ಬಿಟ್ಟು ಪೊರೆ ಕಳಚುವ ಹೊತ್ತು. ಜ್ವರದಿಂದ ಎದ್ದ ಹುಳುವಿಗೆ ಹಸಿವೆಂದರೆ ಹಸಿವು, ಆಗ ಸೊಪ್ಪು ಬೀಳದಿದ್ದರೆ ಬೆಳೆ ಹೋದಂತೆಯೇ. ಯಾವ ರೈತನಿಗೆ ಯಾವ ದಿನ ಎಷ್ಟು ಹುಳು ಎಂಬುದನ್ನೆಲ್ಲ ಅಣ್ಣ ಗೋಡೆಯ ಕರಿಹಲಗೆಯ ಮೇಲೆ ಬರೆಯುತ್ತಿದ್ದರು. ಯಾರದೋ ಬೆನ್ನು ಒರಗಿ ಯಾರದೋ ಹೆಸರು ಅಳಿಸಿಹೋಗುವುದು ಮಾಮೂಲಾಗಿತ್ತು. ಅಕ್ಕ ಹಬ್ಬಕ್ಕೆ ಊರಿಗೆ ಹೋದವರು ಅದನ್ನು ನೋಡಿ ರೇಗಿ, ನಾನು ಪ್ರೋಗ್ರಾಮು ಮಾಡಿಕೊಡುತ್ತೇನೆ, ಅತ್ತಿಗೆ ಕಂಪ್ಯೂಟರಿನಲ್ಲಿ ಬರೆಯಲಿ ಎಂದು ಹಟ ಹಿಡಿದು ಬಂದರು.

ಅತ್ತಿಗೆಯ ಬಗ್ಗೆ ಎರಡು ಮಾತು ಹೇಳಬೇಕು. ಪ್ಲಸ್ ಟು ಓದಿ ಮದುವೆಯಾಗಿ ಬಂದವರು. ಅಲ್ಲಿಯವರೆಗೆ ಅವರ ಕೆಲಸ ಕೇಂದ್ರದ ಆಳುಗಳಿಗೆ ಅಡುಗೆ ಮಾಡಿ ಬಡಿಸುವುದು. ಅಕ್ಕ ತುಡಿಯಲೂರಿನಿಂದ ಕಳಿಸಿದ ಕಂಪ್ಯೂಟರಿನ ಮುಂದೆ ಕುಳಿತ ಮೇಲೆ ಅವರು ಅಡುಗೆಯನ್ನು ಬೇರೆಯವರಿಗೆ ವಹಿಸಿದರು, ಒಂದು ವಾರದಲ್ಲಿ ಟೈಪು ಕಲಿತರು. ರೈತರು ಅಣ್ಣನನ್ನು ಬಿಟ್ಟು ಅವರನ್ನೇ ಕೇಳಿಕೊಂಡು ಬರತೊಡಗಿದರು. ಫೋನಿನಲ್ಲಿ ಅವರ ದನಿಯೇ ಬದಲಾಯಿತೆಂದು ಅಕ್ಕ ಆಫೀಸಿನಲ್ಲೆಲ್ಲ ಹೇಳಿಕೊಂಡು ತಿರುಗಿದರು.

ಪ್ರೋಗ್ರಾಮು ಸರಳವಾಗಿತ್ತು. ವೆಬ್‌ಪುಟ ನಾಲ್ಕು. ಮೊದಲನೆಯದರಲ್ಲಿ ರೈತನ ಹೆಸರು, ಊರು. ಎರಡನೆಯದರಲ್ಲಿ ಅವನ ಹಿಪ್ಪುನೇರಳೆ ತೋಟ: ಎಷ್ಟು ಎಕರೆ, ಕೊಂಬೆ ಸವರಿ ಕವಾತು ಮಾಡಿದ್ದು ಯಾವಾಗ. ಕವಾತಿನ ದಿನ ಗೊತ್ತಾದರೆ ಸೊಪ್ಪು ಯಾವಾಗ ಹದಕ್ಕೆ ಬರುತ್ತದೆಂದು ಲೆಕ್ಕ ಸಿಗುತ್ತದೆ. ಮೂರನೆಯದರಲ್ಲಿ ಎಷ್ಟು ಹುಳು ಬೇಕೆಂಬುದು, ನಾಲ್ಕನೆಯದರಲ್ಲಿ ವ್ಯಾನು ಯಾರ ಬಾಗಿಲಿಗೆ ಹೋಗಬೇಕೆಂಬುದು. ರೈತನ ದಾಖಲೆ ತಾಯಿ, ಉಳಿದ ಮೂರೂ ಮಕ್ಕಳು. ಯಾವ ಮಕ್ಕಳು ಯಾವ ತಾಯಿಯವರೆಂದು ಡೇಟಾಬೇಸಿಗೆ ತಿಳಿಯಬೇಕಲ್ಲ? ಮೊದಲ ಪುಟವನ್ನು ಸೇವ್ ಮಾಡಿದ ಕೂಡಲೇ ಪ್ರೋಗ್ರಾಮು ಆ ರೈತನ ನಂಬರನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತಿತ್ತು. ಮುಂದಿನ ಮೂರು ಪುಟಗಳಲ್ಲಿ ಬರೆದದ್ದನ್ನೆಲ್ಲ ಆ ನಂಬರಿಗೆ ಕಟ್ಟುತ್ತಿತ್ತು. ಇದು ಅಕ್ಕನದೇ ಲೆಕ್ಕಾಚಾರ. ಈ ಸಲ ಅವರು ಹೋಗಿ ಮೂಲೆಯಲ್ಲಿ ಕೂರಲಿಲ್ಲ. "ನಮ್ಮನೇನೇ ಅಲ್ವಾ, ನಾನು ನೋಡದ್ದು ಏನಿದೆ ಅಲ್ಲಿ?" ಅಂದಿದ್ದರು.

ಎರಡು ತಿಂಗಳು ಎಲ್ಲ ಚೆನ್ನಾಗಿಯೇ ನಡೆಯಿತು. ಮೇಜು ಬಡಿದದ್ದೇ ಬಡಿದದ್ದು.

ಒಂದು ಬೆಳಗ್ಗೆ ಆಫೀಸಿಗೆ ಬಂದು ಇನ್ನೂ ಬ್ಯಾಗು ಇಳಿಸಿರಲಿಲ್ಲ, ಅಕ್ಕನ ಫೋನು ಹೊಡೆದುಕೊಂಡಿತು. ಅಣ್ಣನದು. ಕೇಳುತ್ತ ಕೇಳುತ್ತ ಅಕ್ಕನ ಮುಖ ಬಿಳುಪಾಯಿತು. ಫೋನು ಇಟ್ಟವರು, "ಕಣ್ಣು, ಸೀಕ್ರಂ ಬಾ, ಕಾರಲ್ಲಿ ಹೇಳ್ತೀನಿ" ಎಂದು ಮೆಟ್ಟಿಲಿಳಿದೇಬಿಟ್ಟರು.

ಅಕ್ಕ ಕಾರು ಓಡಿಸುವುದೆಂದರೆ ಒಂದು ಕೈ ಹಾರನ್ನಿನ ಮೇಲೆ, ಇನ್ನೊಂದು ಕೈ ಮಾತಿಗೆ. ಸ್ಟಿಯರಿಂಗು ಎರಡರ ನಡುವೆ ಹೇಗೋ ನಡೆಯುತ್ತಿತ್ತು. ಪೊಳ್ಳಾಚಿ, ಉಡುಮಲೆ ದಾಟುವಷ್ಟರಲ್ಲಿ ನನಗೆ ವಿಷಯ ತಿಳಿಯಿತು.

ಅವರ ಊರಿನಲ್ಲಿ ಅಣ್ಣತಮ್ಮಂದಿರು ಇಬ್ಬರು, ಅಕ್ಕನಿಗೆ ದೂರದ ನೆಂಟರು. ಭಾಗವಾದಾಗ ಬಾವಿಯ ವಿಷಯಕ್ಕೆ ಜಗಳವಾಗಿ ಮಾತು ಬಿಟ್ಟಿದ್ದರು. ಹೊಲ ಪಕ್ಕಪಕ್ಕ, ಮನೆ ಪಕ್ಕಪಕ್ಕ, ಮುಖ ಮಾತ್ರ ಎತ್ತಲೋ. ಹುಳು ಬರೆಸಲು ಇಬ್ಬರೂ ಒಂದೇ ದಿನ ಕೇಂದ್ರಕ್ಕೆ ಬಂದಿದ್ದರು. ಈಗ ನೋಡಿದರೆ ಬೆಳಗಿನ ಜಾವ ವ್ಯಾನು ಬಂದು, ತಮ್ಮನ ಮನೆಗೆ ಎರಡು ಪಾಲು ಹುಳು ಇಳಿಸಿ ಹೋಗಿದೆ. ಅಣ್ಣನಿಗೆ ಒಂದು ತಟ್ಟೆ ಹುಳುವೂ ಇಲ್ಲ. ಡ್ರೈವರು ಹೊಸಬ, ಕೈಯಲ್ಲಿದ್ದ ಕಾಗದದಲ್ಲಿ ತಮ್ಮನ ಹೆಸರೇ ಎರಡು ಸಲ ಇತ್ತು, ಇಳಿಸಿದ. ತಮ್ಮನ ತೋಟದಲ್ಲಿ ಒಂದು ಪಾಲಿಗಷ್ಟೇ ಸೊಪ್ಪು. ಅಣ್ಣನ ತೋಟದ ತುಂಬ ಸೊಪ್ಪಿದೆ, ತಿನ್ನಲು ಹುಳು ಇಲ್ಲ.

"ಅಲ್ಲಿಂದ ಎತ್ತಿ ಇಲ್ಲಿ ಇಟ್ಟರೆ ಆಯ್ತಲ್ಲ ಅಕ್ಕಾ?" ಅಂದೆ.

"ಅದೇ ಆಗಲ್ಲ ಅಂತಿರೋದು! ತಮ್ಮ ಸೆಂಟರಿಗೆ ಹೇಳಿಸಿ ತನ್ನ ಹುಳ ನಿಲ್ಲಿಸ್ದ ಅಂತ ಅಣ್ಣ ಕುಣೀತವ್ರೆ. ಅವನ ಮನೆ ಹೊಕ್ಕ ಹುಳ ಬೇಡ ಅಂತಾರೆ. ತಮ್ಮ, ಅವರೇ ಬಂದು ಕೇಳ್ಲಿ ಅಂತಾನೆ. ಹುಳಕ್ಕೆ ಇದೆಲ್ಲ ತಿಳೀತದಾ? ಅದಕ್ಕೆ ಹಸಿವು!" ಎಂದು ಅಕ್ಕ ಹಾರನ್ನು ಒತ್ತಿದರು. ಮುಂದೆ ಯಾವ ವಾಹನವೂ ಇರಲಿಲ್ಲ.

ಕೇಂದ್ರದ ಅಂಗಳದಲ್ಲಿ ಅಕ್ಕನ ಅಣ್ಣ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದರು. ಅತ್ತಿಗೆ ಒಳಗೆ, ಕಂಪ್ಯೂಟರಿನ ಮೇಲೆ ಬಟ್ಟೆ ಮುಚ್ಚಿ, ಗೋಡೆಗೊರಗಿ ನಿಂತಿದ್ದರು. ಅಳುತ್ತಿದ್ದರು. "ನಾನೇನೂ ತಪ್ಪು ಮಾಡಿಲ್ಲ ಅಂತ ಅಂದ್ಕೊಂಡಿದ್ದೆ" ಅಂದರು.

"ಹೆಂಗೆ ಬರೆದಿರಿ ಅತ್ತಿಗೆ? ಹೇಳ್ಬೇಡಿ, ತೋರ್ಸಿ" ಎಂದು ಅಕ್ಕ ಬಟ್ಟೆ ಎಳೆದು ಹಾಕಿದರು.

ಅತ್ತಿಗೆ ಕುಳಿತು ತೋರಿಸಿದರು. ಅವತ್ತು ಅಣ್ಣತಮ್ಮಂದಿರು ಒಂದೇ ಬೆಂಚಿನ ಎರಡು ತುದಿಯಲ್ಲಿ ಕುಳಿತಿದ್ದರಂತೆ. ಒಬ್ಬರ ಕೆಲಸ ಪೂರಾ ಮುಗಿಸಿ ಆಮೇಲೆ ಇನ್ನೊಬ್ಬರದನ್ನು ಹಿಡಿದರೆ ಕಾದವರಿಗೆ ಅವಮಾನ. ಬೇರೆಯವರಾದರೂ ಸಹಿಸಿಯಾರು, ಮಾತು ಬಿಟ್ಟ ಅಣ್ಣತಮ್ಮಂದಿರಿಗೆ ಹಾಗೆ ಮಾಡಲುಂಟೇ? ಅತ್ತಿಗೆ ಕಾಫಿಯನ್ನೂ ಒಂದೇ ತಟ್ಟೆಯಲ್ಲಿ ಎರಡು ಲೋಟ ಇಟ್ಟು ಬೆಂಚಿನ ನಡುವೆ ಹಿಡಿದಿದ್ದರು. ಹಾಗೆಯೇ ಕಂಪ್ಯೂಟರಿನಲ್ಲೂ ಎರಡು ಕಿಟಕಿ ತೆರೆದರು, ಅಣ್ಣನಿಗೊಂದು, ತಮ್ಮನಿಗೊಂದು. ಅಣ್ಣನ ಮೊದಲ ಪುಟ, ತಮ್ಮನ ಮೊದಲ ಪುಟ. ಅಣ್ಣನ ಎರಡನೇ ಪುಟ, ತಮ್ಮನ ಎರಡನೇ ಪುಟ. ಪಂಕ್ತಿಯಲ್ಲಿ ಬಡಿಸಿದ ಹಾಗೆ ಇಬ್ಬರಿಗೂ ಸಮನಾಗಿ ಕೊನೆಯವರೆಗೆ.

ನನಗೆ ಆಗ ಹೊಳೆಯಿತು. ಪ್ರೋಗ್ರಾಮು ನೆನಪಿನಲ್ಲಿ ಇಟ್ಟುಕೊಳ್ಳುತ್ತಿದ್ದುದು ಒಂದೇ ನಂಬರನ್ನು, ಕೊನೆಗೆ ಬಂದ ರೈತನದನ್ನು. ತಮ್ಮನ ಮೊದಲ ಪುಟ ಸೇವ್ ಆದ ಗಳಿಗೆಯಲ್ಲೇ ಅದು ಅಣ್ಣನನ್ನು ಮರೆತಿತ್ತು. ಅಲ್ಲಿಂದ ಮುಂದೆ ಯಾವ ಕಿಟಕಿಯಲ್ಲಿ ಏನು ಬರೆದರೂ ತೋಟ, ಹುಳು, ವ್ಯಾನು ಎಲ್ಲವೂ ತಮ್ಮನ ಪಾಲಿಗೇ ಹೋಗಿತ್ತು.

ಅಕ್ಕ ಪರದೆಯನ್ನೇ ನೋಡುತ್ತ ನಿಂತರು. ನಾನು, ಇನ್ನೇನು ಒಂದೊಂದಾಗಿ ಬರೆಯಬೇಕು ಅತ್ತಿಗೆ ಎನ್ನುತ್ತಾರೆ ಅಂದುಕೊಂಡೆ. ಅವರು ಹಣೆ ಚಚ್ಚಿಕೊಂಡು, "ಅತ್ತಿಗೆ, ನೀವು ಮಾಡಿದ್ದು ನೂರಕ್ಕೆ ನೂರು ಸರಿ. ನನ್ನ ಪ್ರೋಗ್ರಾಮಿಗೆ ಮರಿಯಾದೆ ಗೊತ್ತಿಲ್ಲ" ಅಂದರು.

ಅಷ್ಟು ಹೇಳಿ ಹೊರಗೆ ಓಡಿದರು. ಮೊದಲು ಆ ಅಣ್ಣತಮ್ಮಂದಿರಲ್ಲಿ ದೊಡ್ಡವನ ಮನೆ. ಆತ ಜಗುಲಿಯ ಮೇಲೆ ಕುಳಿತು ಊರಿಗೆಲ್ಲ ಕೇಳುವಂತೆ ಬೈಯುತ್ತಿದ್ದ. ಅಕ್ಕ ಅಂಗಳದಲ್ಲೇ ನಿಂತು ಕೈ ಮುಗಿದರು.

"ಅಣ್ಣಾ, ಯಾರೂ ಏನೂ ಹೇಳ್ಸಿಲ್ಲೀಂಗ. ನಮ್ಮ ಅತ್ತಿಗೆ ನಿಮ್ಮಿಬ್ಬರಿಗೂ ಒಂದೇ ಹೊತ್ತಲ್ಲಿ ಮರಿಯಾದೆ ಕೊಡ್ಬೇಕು ಅಂತ ಜತೆಜತೆಗೆ ಬರೆದ್ರು. ನಾನು ಮಾಡಿದ ಮಿಷಿನ್ನು ಒಬ್ಬರನ್ನೇ ನೋಡ್ತು. ಬೈಯೋದಾದ್ರೆ ನನ್ನನ್ನ ಬೈಯಿರೀಂಗ, ಆದ್ರೆ ಬೇಗ ಬೈಯಿರಿ, ಹುಳ ಹಸಿದಿದೆ."

ದೊಡ್ಡವನಿಗೆ ನಗಬೇಕೋ ರೇಗಬೇಕೋ ತಿಳಿಯಲಿಲ್ಲ. "ಅವಳು ಕಾಫಿ ಕೊಟ್ಟಾಗ್ಲೇ ನೋಡಿದ್ನಮ್ಮ, ಒಳ್ಳೇ ಹುಡುಗಿ" ಎಂದು ಸ್ವಲ್ಪ ತಗ್ಗಿದ. "ಆದ್ರೂ ಅವನ ಮನೇಲಿಂದ ಬಂದ ಹುಳ ನಾನು ಒಳಗೆ ಸೇರ್ಸಲ್ಲ. ಸೆಂಟರಿಂದ ಬಂದ್ರೆ ಸರಿ."

ಅಲ್ಲಿಂದ ಬೇಲಿ ಸುತ್ತಿ ಚಿಕ್ಕವನ ಮನೆ. ಅವನ ವಾದ ಬೇರೆ. "ಅಕ್ಕಾ, ಹುಳ ಸಾಯ್ಲಿ ಅಂತ ನನಗೇನು ಆಸೆಯಾ? ಆದ್ರೆ ನಾನಾಗಿ ಕೊಟ್ಟೆ ಅಂತ ಆಗಬಾರ್ದುಂಗ. ಸೆಂಟರಿನೋರು ವಾಪಸ್ ತಗೊಂಡ್ರು ಅಂತ ಆಗ್ಲಿ."

ಅಕ್ಕನ ಕಣ್ಣು ಹೊಳೆಯಿತು. "ವ್ಯಾನು ಕರೀರಿ!" ಎಂದು ಕೂಗಿದರು.

ಆಮೇಲೆ ನಡೆದದ್ದನ್ನು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ, ಯಾರೂ ನಂಬುವುದಿಲ್ಲ. ಚಿಕ್ಕವನ ಮನೆಯಿಂದ ತಟ್ಟೆಗಳಲ್ಲಿ ಅರ್ಧದಷ್ಟನ್ನು ವ್ಯಾನಿಗೆ ಏರಿಸಿದೆವು. ಒದ್ದೆ ಗೋಣಿಚೀಲ ಹೊದಿಸಿದೆವು. ದೊಡ್ಡವನ ಮನೆ ಬೇಲಿಯಾಚೆ ಕಾಣುತ್ತಿತ್ತು, ನಡೆದರೆ ಒಂದು ಕ್ಷಣ. ವ್ಯಾನು ಅದರ ಎದುರಿನಿಂದಲೇ ಹಾದು, ಊರು ದಾಟಿ, ಕಾಲುವೆ ದಾಟಿ, ಕೇಂದ್ರಕ್ಕೆ ಹೋಯಿತು. ಅಲ್ಲಿ ಅಂಗಳದಲ್ಲಿ ಒಂದು ಸುತ್ತು ಹಾಕಿತು. ಅಕ್ಕ ಡ್ರೈವರಿಗೆ, "ಈಗ ಇದು ಸೆಂಟರಿಂದ ಹೊರಟ ಹುಳ. ಗೊತ್ತಾಯ್ತಾ?" ಎಂದು ಹೇಳಿ ಬಾಗಿಲು ಬಡಿದರು. ವ್ಯಾನು ಅದೇ ಕಾಲುವೆ, ಅದೇ ಊರು ದಾಟಿ ಬಂದು ದೊಡ್ಡವನ ಬಾಗಿಲಲ್ಲಿ ನಿಂತಿತು. ದೊಡ್ಡವನು ಎದ್ದು ಬಂದು, ಗಂಭೀರವಾಗಿ, "ಸೆಂಟರಿಂದ ಬಂತಾ?" ಎಂದು ಕೇಳಿದ. ಬೇಲಿಯಾಚೆ ನಿಂತು ತಮ್ಮ ಎಲ್ಲವನ್ನೂ ನೋಡುತ್ತಿದ್ದ. "ಹೌದುಂಗ, ಸೆಂಟರಿಂದಾನೇ" ಎಂದು ಅಕ್ಕ ಒಂದಿಷ್ಟೂ ನಗದೆ ಹೇಳಿದರು. ಒಳಗೆ ಸೊಪ್ಪು ಸಿದ್ಧವಾಗಿತ್ತು. ಹುಳುಗಳು ಎಲೆಯ ಮೇಲೆ ಬಿದ್ದವು. ಸ್ವಲ್ಪ ಹೊತ್ತಿಗೆಲ್ಲ ಆ ಕೋಣೆಯ ತುಂಬ ಸಣ್ಣಗೆ ಮಳೆ ಹಿಡಿದಂಥ ಸದ್ದು, ತಿನ್ನುವ ಸದ್ದು. ಅಕ್ಕ ನನ್ನ ಬೆನ್ನಿಗೆ ಹೊಡೆದ ಏಟು ಮೇಜಿಗೆ ಬೀಳುವ ಏಟಿಗಿಂತ ಜೋರಾಗಿತ್ತು.

ಹುಳುಗಳೇನೋ ಉಳಿದವು. ಆದರೆ ಕೇಂದ್ರಕ್ಕೆ ಮರಳಿ ನೋಡಿದರೆ ಅಣ್ಣ ಕರಿಹಲಗೆಯನ್ನು ಒರೆಸಿ ಸೀಮೆಸುಣ್ಣ ಹಿಡಿದು ನಿಂತಿದ್ದರು. ಕಂಪ್ಯೂಟರಿನ ಮೇಲೆ ಮತ್ತೆ ಬಟ್ಟೆ ಬಿದ್ದಿತ್ತು. ಅತ್ತಿಗೆ ಅಡುಗೆಮನೆಯಲ್ಲಿ ಒಲೆಯ ಮುಂದೆ ಕುಳಿತಿದ್ದರು, ಹಿಂದಿನ ಜಾಗದಲ್ಲೇ. "ನನಗಿದು ಬೇಡಮ್ಮ, ನನ್ನ ಕೈಯಿಂದ ಇನ್ನೊಬ್ಬರ ಬೆಳೆ ಹಾಳಾಗೋದು ಬೇಡ" ಅಂದರು.

ಅಕ್ಕ ಅಣ್ಣನ ಜೊತೆ ಜಗಳಕ್ಕೆ ನಿಂತರು. ಕೊನೆಗೆ ಅಣ್ಣ ಒಂದು ಮಾತು ಹೇಳಿದರು. "ಆ ಅಣ್ಣತಮ್ಮಂದಿರು ಮುಂದಿನ ಬೆಳೆಗೆ ಬಂದು, ಒಪ್ಪಿ, ಇದ್ರಲ್ಲೇ ಬರೆಸಿದ್ರೆ ಕಂಪ್ಯೂಟರು ಇರ್ಲಿ. ಅವಳೂ ಅಲ್ಲೇ ಕೂರ್ಲಿ. ಇಲ್ಲಾಂದ್ರೆ ಬೋರ್ಡೇ ಗತಿ."

ತುಡಿಯಲೂರಿಗೆ ಬಂದ ಮೇಲೆ ಮಾಲೀಕರು ಮೆಲ್ಲಗೆ, "ಬಳಸುವವರಿಗೆ ಸ್ವಲ್ಪ ಟ್ರೈನಿಂಗ್ ಕೊಟ್ಟರೆ ಸಾಕಾಗಿತ್ತು ಮೇಡಂ, ಒಂದು ಸಲಕ್ಕೆ ಒಂದೇ ಕಿಟಕಿ ಅಂತ" ಎಂದರು. ಅಕ್ಕ ಬಳೆ ಏರಿಸಿದರು. "ಏನಂತ ಟ್ರೈನಿಂಗ್ ಕೊಡ್ಲಿ ಸಾರ್? ಬಂದವರನ್ನ ಕಾಯಿಸೋದು ಕಲೀರಿ ಅಂತಾನಾ?" ಮಾಲೀಕರು ತಮ್ಮ ಕೋಣೆಗೆ ವಾಪಸಾದರು.

ಆಮೇಲಿನ ದಿನಗಳು ನನ್ನ ಕೆಲಸದ ಬದುಕಿನಲ್ಲೇ ಅತಿ ಖುಷಿಯ ದಿನಗಳು. ನಾಲ್ಕು ಪುಟಗಳನ್ನು ಅಕ್ಕ ಒಂದೇ ಪುಟಕ್ಕೆ ತಂದರು. ನೆನಪಿನಲ್ಲಿ ನಂಬರು ಇಟ್ಟುಕೊಳ್ಳುವ ಚಟವನ್ನು ಕಿತ್ತೆಸೆದರು. ತಾಯಿಯ ದಾಖಲೆಯೂ ಮಕ್ಕಳ ದಾಖಲೆಗಳೂ ಒಂದೇ ಸಲ ಕೈ ಹಿಡಿದುಕೊಂಡು ಡೇಟಾಬೇಸಿಗೆ ಹೋಗಬೇಕು. ಒಂದು ಏರದಿದ್ದರೆ ಯಾವುದೂ ಏರಬಾರದು. ಅಲ್ಲಿಗೆ ಮುಗಿಯಿತೆಂದು ನಾನು ಚಹಾ ತರಲು ಹೊರಟೆ. ಬಂದು ನೋಡಿದರೆ ಅಕ್ಕ ಆ ಪುಟದ ಪಕ್ಕದಲ್ಲೇ ಅಂಥದೇ ಇನ್ನೊಂದನ್ನು ಕೂರಿಸಿದ್ದರು. ಎಡಕ್ಕೆ ಒಬ್ಬ ರೈತ, ಬಲಕ್ಕೆ ಇನ್ನೊಬ್ಬ. ಕೆಳಗೆ ನಡುವೆ ಒಂದೇ ಒಂದು ಸೇವ್ ಬಟನ್ನು.

"ಜತೆಗೆ ಬಂದೋರಿಗೆ ಇದು" ಅಂದರು. "ಒತ್ತಿದ್ರೆ ಇಬ್ಬರದೂ ಒಟ್ಟಿಗೆ ಏರ್ಬೇಕು. ಇಲ್ಲಾ, ಇಬ್ಬರದೂ ಏರ್ಬಾರ್ದು."

ನಾನು ಒಪ್ಪಲಿಲ್ಲ. "ಒಬ್ಬನ ಖಾನೆ ಖಾಲಿ ಇದ್ದರೆ ಇನ್ನೊಬ್ಬನದನ್ನು ಯಾಕೆ ತಡೀಬೇಕು ಅಕ್ಕಾ? ಅವನದೇನು ತಪ್ಪು? ಯಾವ ಪುಸ್ತಕದಲ್ಲೂ ಹೀಗಿಲ್ಲ."

"ಪುಸ್ತಕ ಬರೆದೋರು ಆ ಬೆಂಚಲ್ಲಿ ಕೂತಿಲ್ಲ ಕಣ್ಣು" ಅಂದರು. ಮಧ್ಯಾಹ್ನವಿಡೀ ವಾದ ಮಾಡಿದೆವು. ನಾನು ಸೋತೆ. ಆದರೂ ಒಳಗೊಳಗೇ ನನಗೆ, ಇದು ಎಡವುತ್ತದೆ ಎಂದೇ ಅನ್ನಿಸುತ್ತಿತ್ತು.

ಮುಂದಿನ ಬೆಳೆಗೆ ಬರೆಸುವ ದಿನ ಬಂತು. ಬೆಳಗ್ಗೆಯೇ ಹೋಗಿ ಈ ಸಲ ಅಕ್ಕನೂ ನಾನೂ ಮೂಲೆಯಲ್ಲಿ ಎರಡು ಸ್ಟೂಲು ಹಾಕಿಕೊಂಡು ಕುಳಿತೆವು. ಅಣ್ಣ ಕರಿಹಲಗೆಯ ಪಕ್ಕದಲ್ಲಿ ಸೀಮೆಸುಣ್ಣ ಹಿಡಿದೇ ನಿಂತಿದ್ದರು. ಅತ್ತಿಗೆಯನ್ನು ಅಕ್ಕ ಹೆಚ್ಚುಕಡಿಮೆ ಎಳೆದು ತಂದು ಕುರ್ಚಿಯಲ್ಲಿ ಕೂರಿಸಿದ್ದರು. ಮೊದಲು ದೊಡ್ಡವನು ಬಂದ. ಅವನನ್ನು ನೋಡಿಯೇ ಬಂದನೋ ಏನೋ, ಹಿಂದೆಯೇ ಚಿಕ್ಕವನೂ ಬಂದ. ಅದೇ ಬೆಂಚು, ಎರಡು ತು‌ದಿ, ಎರಡು ದಿಕ್ಕು. ಉಳಿದ ರೈತರು ಬಾಗಿಲಲ್ಲಿ ಮುಗಿಬಿದ್ದರು, ಎಲ್ಲರಿಗೂ ಸುದ್ದಿ ಗೊತ್ತಿತ್ತು.

ಅತ್ತಿಗೆ ಕೇಳುತ್ತ ಹೋದರು, ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಹೆಸರು, ಊರು, ತೋಟ. ಎಲ್ಲ ತುಂಬಿದೆನೆಂದುಕೊಂಡು ಬಟನ್ನು ಒತ್ತಿದರು.

ಪರದೆಯ ಮೇಲೆ ಕೆಂಪು ಗೆರೆ ಬಂತು. ಎರಡೂ ಏರಲಿಲ್ಲ.

ದೊಡ್ಡವನ ಕವಾತಿನ ದಿನದ ಖಾನೆ ಖಾಲಿ ಇತ್ತು. ಅತ್ತಿಗೆ ಗಾಬರಿಯಿಂದ ಕೇಳಿದರು. ದೊಡ್ಡವನು ಗಡ್ಡ ಕೆರೆದುಕೊಂಡ. "ನನಗೆಲ್ಲಿ ಗೊತ್ತಮ್ಮ? ಆಗ ನಾನು ಕುನ್ನತ್ತೂರಲ್ಲಿ ಮಗಳ ಮನೇಲಿದ್ದೆ. ಆಳುಗಳು ಮಾಡಿದ್ರು. ಒಂದು ಹತ್ತು ದಿನ ಹಿಂದೋ ಮುಂದೋ."

ಹಿಂದೋ ಮುಂದೋ ಎನ್ನುವುದನ್ನು ಪ್ರೋಗ್ರಾಮು ಒಪ್ಪುವುದಿಲ್ಲ. ಅತ್ತಿಗೆಯ ಕೈ ಮೌಸಿನ ಮೇಲೆ ಹಾಗೇ ನಿಂತಿತು. ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಅಣ್ಣ ಹಲಗೆಯ ಕಡೆ ತಿರುಗಿ ಸೀಮೆಸುಣ್ಣ ಎತ್ತಿದರು. ನಾನು ಅಕ್ಕನ ಕಡೆ ನೋಡಿದೆ, ಹೇಳಲಿಲ್ಲವೇ ಎನ್ನುವಂತೆ. ಅಕ್ಕ ನನ್ನನ್ನು ನೋಡಲಿಲ್ಲ. ಎದ್ದು ಸಹಾಯಕ್ಕೂ ಹೋಗಲಿಲ್ಲ. ಸ್ಟೂಲಿನ ತುದಿಗೆ ಬಂದು, ತುಟಿ ಕಚ್ಚಿ, ಚಿಕ್ಕವನನ್ನೇ ನೋಡುತ್ತಿದ್ದರು. ಅವನದು ಎಲ್ಲ ಸರಿಯಾಗಿತ್ತು, ಆದರೂ ಏರಿರಲಿಲ್ಲ. ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಆಮೇಲೆ ಗೋಡೆಗೇ ಹೇಳುವವನಂತೆ ಹೇಳಿದ.

"ಅಮಾಸೆ ಮಾರನೇ ದಿನ. ಅಣ್ಣನ ತೋಟ ಕವಾತು ಮಾಡಿದ್ದು ಅವತ್ತೇ. ಆಳುಗಳು ಬುಡ ಸೀಳಿ ಬಿಡ್ತಾರೆ ಅಂತ ನಾನೇ ಬದುವಿನ ಮೇಲೆ ನಿಂತಿದ್ದೆ."

ದೊಡ್ಡವನು ತಲೆ ತಗ್ಗಿಸಿ ತನ್ನ ಅಂಗೈಗಳನ್ನು ನೋಡಿಕೊಂಡ. "ಅವನು ಹೇಳಿದ್ದನ್ನೇ ಬರ್ಕೊಳಮ್ಮ" ಅಂದ.

ಅತ್ತಿಗೆ ಗೋಡೆಯ ಕ್ಯಾಲೆಂಡರು ನೋಡಿ ದಿನ ತುಂಬಿದರು. ಒತ್ತಿದರು. ಪರದೆಯ ಮೇಲೆ ಎರಡು ಹೆಸರೂ ಅಕ್ಕಪಕ್ಕದಲ್ಲಿ ಒಟ್ಟಿಗೆ ಹಸಿರಾದವು.

ಮೇಜು ಬಡಿಯುತ್ತಾರೆ, ಕೂಗುತ್ತಾರೆ ಎಂದು ನಾನು ಅಕ್ಕನ ಕಡೆ ತಿರುಗಿದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಳಿತಿದ್ದರು, ಕಣ್ಣು ತುಂಬಿ ಹರಿಯುತ್ತಿತ್ತು. "ಏರಿತು ಕಣ್ಣು" ಎಂದು ಪಿಸುಗುಟ್ಟಿದರು. ಆ ಬಾಯಿಂದ ಪಿಸುಮಾತು ಬಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಆಚೆ ಅಣ್ಣ ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡರು. ಅತ್ತಿಗೆ ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆಳೆದು, ಬೆನ್ನು ನೆಟ್ಟಗೆ ಮಾಡಿ, ಬಾಗಿಲ ಕಡೆ ನೋಡಿ ಕರೆದರು.

"ಮುಂದಿನೋರು ಬನ್ನೀಂಗ. ಎಷ್ಟು ಜನ ಜತೆಗೆ ಬಂದಿದ್ದೀರಿ?"